ಮರದ ಬಿಲ್ಲೆ

ಮಗಳು ಮೊನ್ನೆ ತಂದ ಹೊಸ ಕುರ್ತಾದ ಮಡಿಕೆ ಬಿಚ್ಚಿದಾಗ ಗಂಜಿಯ, ಮಷೀನ್ ಎಣ್ಣೆಯ ವಾಸನೆ ಬಂತು. ಅದಕ್ಕೆ ಕಟ್ಟಿದ್ದ ಚೀಟಿಯನ್ನು ಅವಳು ಓದಿದಳು. ಕೆಲಸಗಾರರನ್ನು ಗೌರವದಿಂದ ನಡೆಸಿಕೊಂಡು ತಯಾರಿಸಿದ ಬಟ್ಟೆ, ಪ್ರಮಾಣಪತ್ರ ಪಡೆದದ್ದು ಎಂದಿತ್ತು. ನನಗೆ ಚೆಕಿಂಗ್ ಮೇಜಿನ ಅಕ್ಕ ನೆನಪಾದರು...

ಶಹಾಬಾದಿನ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಕಾಲರ್ ಹೊಲಿಯುತ್ತಿದ್ದೆ. ಅವರು ಪಕ್ಕದ ಮೇಜಿನಲ್ಲಿ ನಿಂತು ಉಳಿದ ದಾರ ಕತ್ತರಿಸಿ ಹೊಲಿಗೆ ನೋಡುತ್ತಿದ್ದರು. ಭಂಕೂರಿನಿಂದ ಇಬ್ಬರೂ ಒಂದೇ ಟಂಟಂ ಆಟೋದಲ್ಲಿ ಬರುತ್ತಿದ್ದೆವು. ನನ್ನ ಡಬ್ಬಿಯಲ್ಲಿ ಬರೀ ರೊಟ್ಟಿ ಇದ್ದ ದಿನ ಏನೂ ಕೇಳದೆ ತಮ್ಮ ಪುಂಡಿಪಲ್ಯ ಬಡಿಸುತ್ತಿದ್ದರು.

ನಮ್ಮ ಸಾಲಿನ ನಲವತ್ತು ಹೆಂಗಸರಿಗೆ ಎರಡೇ ಮರದ ಬಿಲ್ಲೆ. ಶೌಚಾಲಯಕ್ಕೆ ಹೋಗುವವರು ಗೋಡೆಯ ಮೊಳೆಯಿಂದ ಒಂದನ್ನು ತೆಗೆದು ಕೊರಳಿಗೆ ಹಾಕಿಕೊಳ್ಳಬೇಕು. ಮೊಳೆ ಖಾಲಿ ಇದ್ದರೆ ಕಾಯಬೇಕು. ಅದಕ್ಕೇ ಬೇಸಿಗೆಯಲ್ಲೂ ನಾವು ನೀರು ಕುಡಿಯಲು ಹೆದರುತ್ತಿದ್ದೆವು. ಅಕ್ಕನಿಗೆ ಉರಿಮೂತ್ರ ಹತ್ತಿಕೊಂಡಿತ್ತು.

ಪ್ರಮಾಣಪತ್ರ ಕೊಡುವವರು ತಪಾಸಣೆಗೆ ಬರುವ ದಿನ ಸೂಪರ್‌ವೈಸರ್ ಬಿಲ್ಲೆಗಳನ್ನು ಚಿಂದಿಯ ಚೀಲದಲ್ಲಿ ಹುಗಿದ.

"ಏನ್ ಕೇಳಿದ್ರೂ ಎಲ್ಲಾ ಛಲೋ ಅದ ಅನ್ರಿ. ಪತ್ರ ಸಿಗಲಿಲ್ಲಂದ್ರ ಆರ್ಡರ್ ಹೋಯ್ತು, ನಿಮ್ಮ ಪಗಾರೂ ಹೋಯ್ತು" ಎಂದ.

"ಬಿಲ್ಲಿ ಚೀಲದಾಗ ಹಾಕಿದ್ರಿ, ನನ್ನ ಉರಿ ಎಲ್ಲಿ ಮುಚ್ಚಿಡ್ತೀರಿ ಸಾಹೇಬ್ರ?" ಎಂದರು ಅಕ್ಕ. ಅವನನ್ನು ಬಿಟ್ಟು ಎಲ್ಲರೂ ನಕ್ಕೆವು.

ತಪಾಸಣೆಯ ಮೇಡಂ ನಮ್ಮಿಬ್ಬರನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಅಕ್ಕ ಬಿಲ್ಲೆಯ ಸಂಗತಿಯನ್ನು ಇದ್ದದ್ದಿದ್ದಂತೆ ಹೇಳಿಬಿಟ್ಟರು. ಮೇಡಂ ನನ್ನ ಕಡೆ ತಿರುಗಿ, "ಇದು ನಿಜಾನಾ?" ಎಂದರು. ಸೂಪರ್‌ವೈಸರ್ ಅಲ್ಲಿರಲಿಲ್ಲ. ಆದರೂ ಕಲ್ಲಿನ ಖಣಿಯಲ್ಲಿ ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ ಗಂಡ, ನನ್ನೊಬ್ಬಳ ದುಡಿಮೆ...

"ಹಂಗೇನಿಲ್ರಿ" ಎಂದೆ.

ಅಕ್ಕ ನನ್ನ ಮುಖ ನೋಡಲಿಲ್ಲ. ಸೆರಗಿಗೆ ಅಂಟಿದ್ದ ದಾರದ ಎಳೆಗಳನ್ನು ಒಂದೊಂದೇ ತೆಗೆಯುತ್ತ ಕುಳಿತರು.

ಪತ್ರ ಬಂತು. ಚೌಕಟ್ಟು ಹಾಕಿಸಿ ಗೇಟಿನ ಹತ್ತಿರ ತೂಗುಹಾಕಿದರು. ಅದೇ ವಾರ, ಕೆಲಸ ಕಡಿಮೆಯಾಗಿದೆ ಎಂದು ಅಕ್ಕನೊಬ್ಬರನ್ನೇ ಕೆಲಸದಿಂದ ಬಿಡಿಸಿದರು.

ಎರಡು ವರ್ಷದ ಮೇಲೆ ವಾಡಿ ಸ್ಟೇಷನ್ನಿನಲ್ಲಿ ಸಿಕ್ಕರು. ಮುಖ ಬಾತುಕೊಂಡಿತ್ತು. ಅವರೇ ತಮ್ಮ ನೀರಿನ ಬಾಟಲಿ ಮುಂದೆ ಹಿಡಿದು, "ಕುಡಿ ತಂಗಿ. ಇಲ್ಲಿ ಬಿಲ್ಲಿ ಕೇಳೋರು ಯಾರೂ ಇಲ್ಲ" ಎಂದು ನಕ್ಕರು. ಕುಡಿದೆ. ತಪ್ಪಾಯಿತು ಎನ್ನುವಷ್ಟರಲ್ಲಿ ಅವರ ಗಾಡಿ ಬಂತು...

ನಾನೀಗ ಚಿತ್ತಾಪುರದಲ್ಲಿದ್ದೇನೆ. ಕುರ್ತಾ ಬಂದ ಮರುದಿನ ತಡೆಯಲಾಗದೆ ಭಂಕೂರಿಗೆ ಹೋದೆ. ಅಕ್ಕ ತೀರಿಕೊಂಡು ಎಂಟು ತಿಂಗಳಾಗಿತ್ತು. ಕಿಡ್ನಿ ಕೆಟ್ಟಿತ್ತಂತೆ. ಅವರ ತಂಗಿ ನನ್ನ ಗುರುತು ಹಿಡಿದು ಚಾಪೆ ಹಾಸಿದರು.

"ಕುಂದ್ರಿ. ಅವತ್ತು ಮೇಡಮ್ಮೋರ ಮುಂದ ನೀವಿಬ್ರೂ ಕೂಡೇ ಖರೆ ಹೇಳಿದ್ರಂತಲ್ಲ? ಅಕ್ಕ ಭಾಳ ಸಲ ಹೇಳ್ತಿದ್ಲು."

ಕೂರಲು ಹೋದವಳು ಹಾಗೇ ನಿಂತೆ.

"ಖರೆ ಹೇಳಿದವ್ರು ಅಕ್ಕ ಒಬ್ರೇರಿ. ನಾ ಸುಳ್ಳ ಹೇಳಿದೆ" ಎಂದೆ.

ಅವರು ಒಳಗೆ ಹೋಗಿ ಒಂದು ಚೊಂಬು ನೀರು ತಂದು ನನ್ನ ಮುಂದೆ ಇಟ್ಟರು. ಈ ಮಾತು ಕೇಳಬೇಕಾದವರು ಅವರಾಗಿರಲಿಲ್ಲ.