ಹದಿನೇಳು ಹೇಳಿಕೆ, ಒಂದು ಪೆನ್‌ಡ್ರೈವ್

ಶನಿವಾರ ಬೆಳಿಗ್ಗೆ ಮನೆಯ ಕಂಪ್ಯೂಟರ್ ಆನ್ ಮಾಡಿದರೆ ಒಂದು ಫೈಲೂ ತೆರೆಯಲಿಲ್ಲ. ಎಲ್ಲದರ ಜಾಗದಲ್ಲೂ ಒಂದೊಂದು ಶಾರ್ಟ್‌ಕಟ್ ಕೂತಿತ್ತು.

ಆ್ಯಂಟಿವೈರಸ್ ಕಳ್ಳನನ್ನು ತೋರಿಸಿತು, ಹಿಡಿಯಲಿಲ್ಲ. 'ಫೈಲ್ ಬಳಕೆಯಲ್ಲಿದೆ, ಅಳಿಸಲಾಗದು' ಅಂತ ಮೆಸೇಜು. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ... ಮತ್ತೆ ಅದೇ...

ಒಳಗಿದ್ದದ್ದು ಸೋಮನಹಳ್ಳಿ ಕಡೆಯ ಒಂದು ಸಣ್ಣ ಗಾರ್ಮೆಂಟ್ಸಿನ ಹದಿನೇಳು ಹೆಂಗಸರ ಹೇಳಿಕೆ. ಸೂಪರ್‌ವೈಸರ್ ಮೈಮುಟ್ಟಿದ್ದು, ಕೆಟ್ಟ ಮಾತು ಆಡಿದ್ದು, ಎಲ್ಲ ಹೆಸರು ಊರು ಸಮೇತ. ಭಾನುವಾರ ಪ್ರಿಂಟಿಗೆ ಸಹಿ ಹಾಕಿಸಿ, ಸೋಮವಾರ ಮಂಡ್ಯದ ಕಾರ್ಮಿಕ ಇಲಾಖೆಗೆ ಕೊಡಬೇಕಿತ್ತು.

ಕೈಬರಹದ ಪ್ರತಿ? ಇಲ್ಲ. ಟೈಪ್ ಆದ ಮೇಲೆ ಅದನ್ನು ಬರೆದವರಿಗೇ ಕೊಟ್ಟು ಒಲೆಗೆ ಹಾಕಿಸುವುದು ನಮ್ಮ ಕಾರ್ಮಿಕ ಸಂಘಟನೆಯ ಹಳೇ ಪದ್ಧತಿ. ಮಾಲೀಕನ ಕೈಗೆ ಯಾರ ಅಕ್ಷರವೂ ಸಿಗಬಾರದು ಅಂತ.

ಮದ್ದೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮಹದೇವನಿಗೆ ಫೋನ್ ಮಾಡಿದೆ. ಒಂದೇ ಧರಣಿಯಲ್ಲಿ ನನ್ನ ಜೊತೆ ಲಾಠಿ ತಿಂದವನು. ಅವನು ಬರುವಷ್ಟರಲ್ಲಿ 'ಇದು ಮಾಲೀಕರ ಪಿತೂರಿ' ಅಂತ ಇಲ್ಲಿ ಹಾಕಲು ಅರ್ಧ ಪೋಸ್ಟ್ ಬರೆದಿದ್ದೆ.

ಓದಿ ನಕ್ಕುಬಿಟ್ಟ. "ಲೇ, ಆ ಮಾಲೀಕ್ನಿಗೆ ನಿನ್ ಮನೆ ಎಲ್ಲದೆ ಅಂತ್ಲೇ ಗೊತ್ತಿಲ್ಲ ಕಣ್ಲಾ. ನೀನೇ ಪೆನ್‌ಡ್ರೈವಲ್ಲಿ ತಂದು ಆಕ್ಕೊಂಡಿದ್ದೀಯ. ಭಾಷಣ ಆಮೇಲೆ ಬುಡು, ಈಗ ಎದ್ದೇಳು."

ನನ್ನ ಕುರ್ಚಿಯಲ್ಲಿ ಅವನು ಕೂತ. ಕಂಪ್ಯೂಟರ್ ಆನ್ ಆಗುವಾಗ ವೈರಸ್ಸೂ ಏಳುತ್ತದಂತೆ, ಎದ್ದದ್ದನ್ನು ಅಳಿಸಲು ಆಗುವುದಿಲ್ಲವಂತೆ. ಅದಕ್ಕೇ ತನ್ನ ಪೆನ್‌ಡ್ರೈವಿನಿಂದ ಬೇರೆ ಆಪರೇಟಿಂಗ್ ಸಿಸ್ಟಂ ಆನ್ ಮಾಡಿ, ವೈರಸ್ ಮಲಗಿದ್ದಾಗಲೇ ತೆಗೆದುಹಾಕಿದ.

ಅಡಗಿಸಿಟ್ಟಿದ್ದ ಹದಿನೇಳೂ ಹೇಳಿಕೆ ಹೊರಬಂದವು. ನಾನು ಕುಣಿಯುವುದೊಂದು ಬಾಕಿ.

ಆಗ ಕೇಳಿದ. "ನಿನ್ ಪೆನ್‌ಡ್ರೈವು ಎಲ್ಲೆಲ್ಲಿಗ್ಲಾ ಓಗಿತ್ತು?"

ಗುರುವಾರ ಕರಪತ್ರ ಪ್ರಿಂಟ್ ಹಾಕಿಸಲು ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದೆ. ಹೇಳಿಕೆಗಳೂ ಅದರಲ್ಲೇ ಇದ್ದವು.

ಇಬ್ಬರೂ ಓಡಿದೆವು. ಬೇಕಾದ ಫೈಲ್ ಹುಡುಕುವ ತಾಪತ್ರಯ ಯಾಕೆ ಅಂತ ಅಂಗಡಿಯವರು ಇದ್ದದ್ದನ್ನೆಲ್ಲ ಡೆಸ್ಕ್‌ಟಾಪಿಗೆ ಎಳೆದುಕೊಂಡಿದ್ದರು. ಎಲ್ಲರಿಗೂ ಕಾಣುವಂತೆ 'ಹೇಳಿಕೆ' ಅನ್ನುವ ಫೋಲ್ಡರ್!

ಆ ಗಾರ್ಮೆಂಟ್ಸಿನ ಹಾಜರಿ ಪಟ್ಟಿಯೂ ಅಲ್ಲೇ ಪ್ರಿಂಟ್ ಆಗುವುದು.

ಅಳಿಸಿದೆವು. ಆದರೆ ಎರಡು ದಿನ ಯಾರು ನೋಡಿದರು, ಯಾರು ತೆರೆದರು... ಅದನ್ನು ಯಾವ ಆ್ಯಂಟಿವೈರಸ್ ಹೇಳುತ್ತದೆ?

ಭಾನುವಾರ ಕೊಪ್ಪದಲ್ಲಿ ರತ್ನಮ್ಮನ ಮನೆ ಜಗುಲಿಗೆ ಹದಿನೇಳೂ ಜನ ಬಂದಿದ್ದರು. ಇವರನ್ನೆಲ್ಲ ಒಗ್ಗೂಡಿಸಿದವಳೇ ರತ್ನಮ್ಮ. ಸಹಿಗೆ ಮುಂಚೆ ನಡೆದದ್ದನ್ನು ಹೇಳಿದೆ. ಮೈಕ್ ಸಿಕ್ಕರೆ ಗಂಟೆಗಟ್ಟಲೆ ಗುಡುಗುವ ನಾನು ನಾಲ್ಕೇ ವಾಕ್ಯದಲ್ಲಿ ಮುಗಿಸಿದೆ.

ರತ್ನಮ್ಮ ಸುಮ್ಮನೆ ಬಿಡಲಿಲ್ಲ. "ನಮ್ ಕಾಗ್ದ ಮಾತ್ರ ಒಲೆಗಾಕುಸ್ದೆ, ನಮ್ ಎಸ್ರನ್ನೆಲ್ಲ ಅಂಗಡೀಲಿ ಬುಟ್ಟುಬಂದೆ. ಬಲೇ ಜ್ವಾಪಾನ ಕಣಣ್ಣ ನಿಂದು!"

ಆಮೇಲೆ ಉಳಿದವರ ಕಡೆ ತಿರುಗಿದಳು. "ಬ್ಯಾಡ ಅನ್ನೋರು ಈಗ್ಲೇ ಏಳ್ಬುಡಿ, ಯಾರೂ ಏನೂ ಅನ್ನಕಿಲ್ಲ."

ಐದು ಜನ ತಮ್ಮ ಹಾಳೆ ಇಸಿದುಕೊಂಡರು. ಒಬ್ಬಾಕೆ ಅದನ್ನು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು ನನ್ನ ಮುಖ ನೋಡದೆ ಹೋದಳು. ಹನ್ನೆರಡು ಜನ ಸಹಿ ಹಾಕಿದರು. ಸೋಮವಾರ ಮಂಡ್ಯದಲ್ಲಿ ಕೊಟ್ಟೆವು.

ಮಾಲೀಕರ ಎದುರು ಗುಡುಗುವುದನ್ನು ಕಲಿಸಿದ ಚಳವಳಿ, ನಮ್ಮವರ ಎದುರು 'ತಪ್ಪು ನನ್ನದು' ಅನ್ನುವುದನ್ನು ಯಾಕೆ ಕಲಿಸಲಿಲ್ಲ ಸಂಗಾತಿಗಳೇ?