ಬಚ್ಚಲಿನಲ್ಲಿ ಇಪ್ಪತ್ತು ಡಿಗ್ರಿ

ಕುವೈತಿಗೆ ಬಂದ ಮೊದಲ ಜುಲೈಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡೆ. ನೀಲಿ ಗುರುತಿನ ನಲ್ಲಿಯೇ, ನನ್ನ ತಪ್ಪೇನಿರಲಿಲ್ಲ. ತಾರಸಿಯ ಟ್ಯಾಂಕಿನಲ್ಲಿ ಇಡೀ ದಿನ ಕಾದ ನೀರು ಅದು. ನನ್ನ ಗಂಡ ವಲೇರಿಯನ್ ಬಾಗಿಲ ಹೊರಗೆ ನಿಂತು ನಕ್ಕ. "ಕೆಂಪು ತಿರುಗಿಸು ಮಾರಾಯ್ತಿ. ಇಲ್ಲಿ ಬೇಸಗೆಯಲ್ಲಿ ಗೀಸರ್ ಆಫ್ ಮಾಡಿಡುವುದು. ಅದರೊಳಗೆ ನಿಂತ ನೀರೇ ತಣ್ಣೀರು." ಊರಿನಲ್ಲಿ ಮೇ ತಿಂಗಳಲ್ಲೂ ಬಾವಿಯ ಕೊಡಪಾನ ಎದೆಗೆ ತಾಗಿದರೆ ಮೈ ನಡುಗುತ್ತಿತ್ತು. ಇಲ್ಲಿ ತಂಪು ಬೇಕಾದರೆ ಬಿಸಿನೀರಿನ ಯಂತ್ರದ ಕಾಲು ಹಿಡಿಯಬೇಕು. ಹನ್ನೊಂದು ವರ್ಷದಲ್ಲಿ ಈ ದೇಶ ಕಲಿಸಿದ್ದರಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇದೊಂದೇ.

ಕುವೈತಿನ ರಿಗ್ಗೈ ಬಡಾವಣೆಯಲ್ಲಿ ನಮ್ಮದು ಎರಡು ಕೋಣೆ, ಎರಡು ಬಚ್ಚಲಿನ ಫ್ಲ್ಯಾಟು. ಎರಡು ಬಚ್ಚಲೆಂದು ಊರಿಗೆ ಫೋನು ಮಾಡಿ ಜಂಬ ಕೊಚ್ಚಿಕೊಂಡವಳು ನಾನೇ. ಕೊನೆಗೆ ಒಂದರಲ್ಲಿ ವಾಸಕ್ಕೆ ಬಂದದ್ದು ವಲೇರಿಯನ್ ಮನೆಯಲ್ಲೇ ಹುಳಿ ಬರಿಸುತ್ತಿದ್ದ ಬಿಯರು. ಈ ದೇಶದಲ್ಲಿ ಮದ್ಯ ನಿಷಿದ್ಧ. ಸಿಕ್ಕಿಬಿದ್ದರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ರದ್ದಾಗಿ ಸೀದಾ ವಿಮಾನ ಹತ್ತುವುದು. ಊರಿನಲ್ಲಿ ಇಗರ್ಜಿಯಿಂದ ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಮೂರು ವೈನ್ ಶಾಪ್ ಸಿಗುತ್ತವೆ. ಅಲ್ಲಿದ್ದಾಗ ಈ ಮನುಷ್ಯ ಬಿಯರ್ ಮುಟ್ಟಿದವನಲ್ಲ, ಗ್ಯಾಸ್ ಆಗುತ್ತದೆ ಎನ್ನುತ್ತಿದ್ದ. ಸಿಗದ ಊರಿಗೆ ಬಂದ ಮೇಲೆ ಮಹಾಶಯನಿಗೆ ನಾಲಿಗೆ ಹುಟ್ಟಿತು.

ನೀರು ತುಂಬಿದ ದೊಡ್ಡ ಟಬ್ಬು, ಅದರೊಳಗೆ ನೀಲಿ ಡ್ರಮ್ಮು, ಡ್ರಮ್ಮಿಗೆ ಅಂಟಿಸಿದ ಥರ್ಮಾಮೀಟರು, ಬಾಗಿಲಿನ ಹಿಂದೆ ಚಾರ್ಟು. ಹುಳಿ ಬರುವಾಗ ಇಪ್ಪತ್ತು ಡಿಗ್ರಿ ಇರಬೇಕಂತೆ. ಇಪ್ಪತ್ನಾಲ್ಕು ದಾಟಿದರೆ ಬಾಳೆಹಣ್ಣಿನ ವಾಸನೆ, ಇನ್ನೂ ಏರಿದರೆ ನೇಲ್ ಪಾಲಿಶ್ ವಾಸನೆ. ಮಗಳು ಜೆನಿಶಾಳಿಗೆ ನೂರಾ ಮೂರು ಜ್ವರ ಬಂದಾಗ "ಹಣೆ ಮುಟ್ಟಿ ನೋಡು, ಸಾಕು" ಎಂದ ಗಂಡಸು ಇವನು. ಡ್ರಮ್ಮಿಗೆ ಮಾತ್ರ ಮೂರು ಗಂಟೆಗೊಮ್ಮೆ ಎದ್ದು ಹೋಗಿ ಐಸು ಹಾಕುತ್ತಿದ್ದ. ಅಷ್ಟಾಗಿಯೂ ಚಾರ್ಟು ಶುದ್ಧ ಸುಳ್ಳು. ಇಪ್ಪತ್ತಾರು ಇದ್ದಾಗಲೂ ಇಪ್ಪತ್ತು ಎಂದು ಬರೆಯುತ್ತಿದ್ದ, ಶುಕ್ರವಾರ ಕುಡಿಯಲು ಬರುವ ಗೆಳೆಯರಿಗೆ ತೋರಿಸಲು. ವಾರವಿಡೀ ಪೇಟೆಯೊಳಗಿನ ಶರ್ಕ್‌ನ ಆಫೀಸುಗಳಲ್ಲಿ "ಯಸ್ ಸರ್" ಎಂದು ತಲೆ ತಗ್ಗಿಸುವ ಆ ಗೆಳೆಯರು, ನಮ್ಮ ಸೋಫಾದಲ್ಲಿ ಕೂತು ಚಾರ್ಟಿಗೂ ತಲೆ ತೂಗುತ್ತಿದ್ದರು. ಥೂ!

ನಾನು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಲಸಿಕೆಯ ಫ್ರಿಜ್ಜಿನ ಉಷ್ಣತೆ ದಿನಕ್ಕೆ ಎರಡು ಸಲ ಬರೆದು ಸಹಿ ಹಾಕುತ್ತೇನೆ, ಒಂದು ಅಂಕಿ ಸುಳ್ಳು ಬರೆದವಳಲ್ಲ. ಡ್ರಮ್ಮಿಗೆ ಅಂಟಿಸಿದ್ದ ಥರ್ಮಾಮೀಟರು ಆ ಲ್ಯಾಬಿನದೇ. ಹಳೆಯದೆಂದು ಬಿಸಾಡಿದ್ದನ್ನು ಜೆನಿಶಾಳ ಶಾಲೆಯ ಪ್ರಾಜೆಕ್ಟಿಗೆಂದು ತಂದಿದ್ದೆ. ಅದರ ಬೆನ್ನಿಗೆ ಕ್ಲಿನಿಕ್ಕಿನ ಚೀಟಿ, ಚೀಟಿಯಲ್ಲಿ ನನ್ನ ಸಹಿ.

ಕಳೆದ ಜುಲೈಯಲ್ಲಿ ಕೆಳಗಿನ ಬಕಾಲಾಕ್ಕೆ, ಎಂದರೆ ದಿನಸಿ ಅಂಗಡಿಗೆ, ಮೊಸರು ತರಲು ಹೋದೆ. ಅಂಗಡಿಯ ಹಮೀದ್ ಉಪ್ಪಿನಂಗಡಿ ಕಡೆಯ ಬ್ಯಾರಿ, ನಮ್ಮ ಕಡೆಯ ಕನ್ನಡವೇ ಮಾತು.

"ಅಕ್ಕಾ, ನಿನ್ನೆ ಪಕ್ಕದ ಬಿಲ್ಡಿಂಗಿಂದ ಒಬ್ಬನನ್ನು ಕೊಂಡೋದ್ರು. ಬಚ್ಚಲಲ್ಲಿ ಡ್ರಮ್ ಇತ್ತಂತೆ. ಇಕಾಮಾ ಖಲಾಸ್."

ಮೊಸರಿನ ಡಬ್ಬಿಯನ್ನು ಕೌಂಟರಿನ ಮೇಲಿಟ್ಟೆ. ಹಮೀದ್ ದನಿ ತಗ್ಗಿಸಿದ.

"ನಿಮ್ಮವ್ರು ಇಷ್ಟು ಸಕ್ಕರೆ ಎಂತಕ್ಕೆ ತಕೊಳ್ತಾರೆ ಅಂತ ನಾನು ಕೇಳ್ಲಿಲ್ಲ. ಬೇರೆಯವ್ರು ಕೇಳ್ತಾರೆ."

ಮೊಸರು ಅಲ್ಲಿಯೇ ಬಿಟ್ಟು ಮೇಲೆ ಓಡಿದೆ. ಜೆನಿಶಾ ಹತ್ತನೆಯ ತರಗತಿ. ನಡುವರ್ಷದಲ್ಲಿ ನಮ್ಮನ್ನು ಅಟ್ಟಿದರೆ ಅವಳು ಯಾವ ಶಾಲೆಯಲ್ಲಿ, ಯಾವ ಪರೀಕ್ಷೆಗೆ ಕೂರಬೇಕು? ನಮ್ಮ ಮನೆಮಾತು ಕೊಂಕಣಿ. ಅಂದಿನ ಜಗಳವನ್ನು ಕನ್ನಡದಲ್ಲಿ ಬರೆದರೆ ಖಾರ ಸ್ವಲ್ಪ ಕಡಿಮೆಯಾದೀತು.

"ಇವತ್ತೇ ಚೆಲ್ಲು."

"ನಿನಗೆ ತಲೆ ಸರಿ ಉಂಟಾ? ಇವತ್ತು ಮೂರನೇ ದಿನ. ಈಗಲೇ ಟೆಂಪರೇಚರ್ ಮುಖ್ಯ."

"ಮಗಳ ಪರೀಕ್ಷೆ?"

"ಪರೀಕ್ಷೆ ಮಾರ್ಚಿನಲ್ಲಿ. ಇದು ಮುಂದಿನ ವಾರ ಮುಗಿಯುತ್ತದೆ."

ಕೋಣೆಯಿಂದ ಜೆನಿಶಾ ಕೂಗಿದಳು, "ಡ್ಯಾಡಾ, ಇಟ್ ಸ್ಟಿಂಕ್ಸ್! ಮೈ ಟವೆಲ್ ಸ್ಟಿಂಕ್ಸ್!" ಇವನು ಹೋಗಿ ಬಚ್ಚಲಿನ ಬಾಗಿಲು ಹಾಕಿ ಬಂದ.

ಮರುದಿನ ಕಂಪೆನಿ ಅವನನ್ನು ಎರಡು ದಿನಕ್ಕೆ ದೂರದ ಗೋದಾಮಿಗೆ ಕಳಿಸಿತು. ಹೊರಡುವಾಗ ಪೆನ್ನು ನನ್ನ ಕೈಗೆ ಕೊಟ್ಟ, ಮದುವೆಯಲ್ಲಿ ಉಂಗುರ ಕೊಡುವಾಗಲೂ ಮುಖ ಅಷ್ಟು ಗಂಭೀರವಾಗಿರಲಿಲ್ಲ. "ಟಬ್ಬಿನ ನೀರು ಬೆಚ್ಚಗಾದರೆ ಕೆಂಪು ನಲ್ಲಿಯಿಂದ ಬದಲಿಸು. ಡಿಗ್ರಿ ಎಷ್ಟುಂಟು, ಸರಿಯಾಗಿ ನೋಡಿ ಬರಿ."

ಡ್ರಮ್ಮು ಎತ್ತಿ ಚೆಲ್ಲುವ ಶಕ್ತಿ ನನಗಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲು ನೆತ್ತಿಗೇರಿದಾಗ, ಟಬ್ಬು ಬರಿದು ಮಾಡಿ ನೀಲಿ ನಲ್ಲಿ ತಿರುಗಿಸಿದೆ. ಸಂಜೆಯವರೆಗೆ ನೀರು ಬದಲಿಸುತ್ತಾ ಕೂತೆ. ನೊರೆ ಉಕ್ಕಿ, ಕೊನೆಗೆ ಹುಳಿ ಸತ್ತು ಗುಳ್ಳೆ ಬರುವುದೇ ನಿಂತಿತು. ಥರ್ಮಾಮೀಟರು ನೋಡಿದೆ. ಚಾರ್ಟಿನಲ್ಲಿ ನಲವತ್ತಾರು ಎಂದು ಬರೆದು ಸಹಿ ಹಾಕಿದೆ. ಆ ಚಾರ್ಟಿನಲ್ಲಿದ್ದ ನಿಜವಾದ ಅಂಕಿ ಅದೊಂದೇ. ಆಮೇಲೆ ಥರ್ಮಾಮೀಟರು ಕಿತ್ತು, ಚೀಟಿಯನ್ನು ಚೂರುಚೂರು ಮಾಡಿದೆ. ಸಂತೋಷವಾಯಿತು.

ವಲೇರಿಯನ್ ಬಂದು ಚಾರ್ಟು ಓದಿದ. ಬೈಯುತ್ತಾನೆಂದು ಸೊಂಟಕ್ಕೆ ಸೆರಗು ಕಟ್ಟಿ ನಿಂತಿದ್ದೆ. ಅವನು ಟಬ್ಬಿನ ಅಂಚಿನಲ್ಲಿ ಕುಳಿತುಬಿಟ್ಟ.

"ಈ ದೇಶದಲ್ಲಿ ನಾನು ಹೇಳಿದ ಹಾಗೆ ಕೇಳ್ತಿದ್ದದ್ದು ಇದೊಂದೇ," ಅಂದ.

"ಇದೂ ಕೇಳ್ತಿರಲಿಲ್ಲ. ನೀನು ಸುಳ್ಳು ಬರೀತಿದ್ದೆ," ಅಂದೆ. ಮರುಕ ಬಂದದ್ದು ನಿಜ, ಆದರೆ ತೋರಿಸಲಿಲ್ಲ. ಇಬ್ಬರೂ ಸೇರಿ ಡ್ರಮ್ಮು ಬಗ್ಗಿಸಿ ಚೆಲ್ಲಿದೆವು. ಬಚ್ಚಲು ತೊಳೆದು ತೊಳೆದು ನನ್ನ ಬೆನ್ನು ಹಿಡಿಯಿತು. ಮೂರು ದಿನದ ನಂತರ ನಮ್ಮ ಮಹಡಿಯಲ್ಲೂ ತಪಾಸಣೆಯಾಯಿತು. ಬಂದವರು ಖಾಲಿ ಟಬ್ಬು ನೋಡಿ ಹೋದರು. ಅಂದಿನಿಂದ ವಲೇರಿಯನ್ ನಮ್ಮ ಮನೆಯಲ್ಲಿ ಡಿಗ್ರಿ ಎಂಬ ಶಬ್ದವನ್ನೇ ಎತ್ತಲಿಲ್ಲ.

ಜೆನಿಶಾಳ ಪರೀಕ್ಷೆ ಮುಗಿದ ಮೇಲೆ ಊರಿಗೆ ಬಂದೆವು. ಮೈದುನ ಜಗಲಿಯಲ್ಲಿ ತಣ್ಣನೆಯ ಬಿಯರ್ ಇಟ್ಟ. ಇವನು ಒಂದು ಗುಟುಕು ಕುಡಿದು "ಗ್ಯಾಸ್ ಆಗ್ತದೆ" ಎಂದು ಪಕ್ಕಕ್ಕೆ ಸರಿಸಿದ. ನನಗೆ ನಗು ತಡೆಯಲಾಗಲಿಲ್ಲ. ಸೆಕೆಗೆ ಮೈಯೆಲ್ಲ ಬೆವರು, ತಣ್ಣೀರು ಹೊಯ್ದುಕೊಳ್ಳೋಣವೆಂದು ಮೈದುನ ಗೀಸರ್ ಹಾಕಿಸಿದ ಹೊಸ ಬಚ್ಚಲಿಗೆ ಹೋದೆ. ಯೋಚಿಸದೆ ಕೆಂಪು ನಲ್ಲಿ ತಿರುಗಿಸಿದೆ.

ಕೈ ಬೆಂದುಹೋಯಿತು. "ಅಯ್ಯೋ ದೇವರೇ!" ಎಂದು ಕಿರುಚಿಕೊಂಡೆ. ಹುಟ್ಟಿ ಬೆಳೆದ ಊರಿನಲ್ಲಿ ತಣ್ಣೀರಿನ ನಲ್ಲಿ ಯಾವುದೆಂದು ತಿಳಿಯದೆ, ಕೈಗೆ ಊದಿಕೊಳ್ಳುತ್ತಾ ನಿಂತವಳಿಗೆ ಅಳು ಬಂತು.

ಜಗಲಿಯಿಂದ ವಲೇರಿಯನ್ ದನಿ ಕೇಳಿಸಿತು. ಜುಲೈಯಿಂದ ನುಂಗಿಕೊಂಡಿದ್ದದ್ದನ್ನು ಹೊರಗೆ ಹಾಕುವವನಂತೆ ಕೂಗಿದ: "ಎಷ್ಟು ಡಿಗ್ರಿ ಉಂಟು? ಸರಿಯಾಗಿ ನೋಡಿ ಬರಿ!"