ಹನ್ನೊಂದು ಹಾರಾಟಗಳಿಗೆ ಎಳೆದ ಕೆಂಪು ಗೆರೆ

ನನ್ನ ಹಾರಾಟದ ಪುಸ್ತಕದಲ್ಲಿ ಒಂದರಿಂದ ಹನ್ನೊಂದರವರೆಗಿನ ಸಾಲುಗಳ ಮೇಲೆ ಕೆಂಪು ಗೆರೆ ಇದೆ. ಎಳೆದವಳು ನಾನೇ.

ಆ ತಿಂಗಳು ನಮ್ಮ ತಂಡ ಕೆ.ಆರ್. ಪುರದ ಆಚೆಯ ಕೆರೆಯೊಂದರ ಮೇಲೆ ಡ್ರೋನ್ ಹಾರಿಸುತ್ತಿತ್ತು. ಅದರ ಹೊಟ್ಟೆಗೆ ಕಟ್ಟಿದ್ದ, ಟಿಫನ್ ಡಬ್ಬಿಯಷ್ಟಿದ್ದ ಪೆಟ್ಟಿಗೆ ನಾನು ಜೋಡಿಸಿದ್ದು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಅದು ಅಳೆಯುತ್ತದೆ. ಕೆರೆಯ ಮೇಲೆ ಸರಿಯಾಗಿ ಅಳೆದರೆ ಅಂಡಮಾನಿನ ಕಡೆಯ ಜ್ವಾಲಾಮುಖಿಗೆ ಹೊರಟ ತಂಡ ಅದನ್ನು ಒಯ್ಯುತ್ತದೆ. ಇಲ್ಲವಾದರೆ ಆಫೀಸಿನ ಹಳೆಯ ಪೆಟ್ಟಿಗೆಯೇ ಹೋಗುತ್ತದೆ. ತೀರ್ಮಾನ ಶನಿವಾರ.

ಅಂಕಿಗಳು ಮಾತ್ರ ಭೂಮಿಯ ಮೇಲೆ ಎಲ್ಲೂ ಇರಲಾರದಷ್ಟು ಕಡಿಮೆ ಬರುತ್ತಿದ್ದವು.

"ನಮ್ಮಜ್ಜ ಇಲ್ಲೇ ರಾಗಿ ಬೆಳೀತಿದ್ರು ಗುರು. ಗಾಳಿ ಇಷ್ಟು ಚೆನ್ನಾಗಿದೆ ಅಂತ ಗೊತ್ತಿದ್ರೆ ಜಮೀನು ಮಾರ್ತಾನೇ ಇರ್ಲಿಲ್ಲ," ಎಂದ ಡ್ರೋನ್ ಹಾರಿಸುವ ಗೆಳೆಯ, ಕೆರೆಯ ನಾತಕ್ಕೆ ಮೂಗು ಮುಚ್ಚಿಕೊಂಡೇ.

ಗುರುವಾರ ಸಂಜೆ ಶಿವಾಜಿನಗರದ ಮನೆಯಲ್ಲಿ ಪುಸ್ತಕ ಹರಡಿಕೊಂಡು ಕೂತಿದ್ದೆ. ನನ್ನ ತಂದೆ, ಅಬ್ಬಾ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ತಕ್ಕಡಿ ರಿಪೇರಿ ಮಾಡುತ್ತಾರೆ. ನನ್ನ ಗೋಳು ಕೇಳಿ, ಒಂದೇ ಪ್ರಶ್ನೆ ಕೇಳಿದರು.

"ಬೇಟಾ, ಇದಕ್ಕೆ ಸೊನ್ನೆ ಎಲ್ಲಿ ಹಿಡೀತೀಯಾ?"

ಶುದ್ಧ ಗಾಳಿಯಲ್ಲಿಟ್ಟು, ಅಳತೆ ಶುರುವಾಗುವುದು ಇಲ್ಲಿಂದ ಎಂದು ಪೆಟ್ಟಿಗೆಗೆ ಸೊನ್ನೆ ಹಿಡಿಸುತ್ತೇನೆ ಎಂದೆ. "ದಿನಾ ಬೆಳಿಗ್ಗೆ ಆರಕ್ಕೆ, ನಮ್ಮ ಮಹಡಿ ಮೇಲೆ. ಬಸ್ಸುಗಳ ಗಲಾಟೆ ಜಾಸ್ತಿ ಆಗೋಕೆ ಮುಂಚೆ. ಒಂದು ದಿನಾನೂ ತಪ್ಪಿಸಿಲ್ಲ."

"ತಟ್ಟೆ ಮೇಲೆ ಈರುಳ್ಳಿ ಇಟ್ಟು ಸೊನ್ನೆ ಹಿಡಿದ್ರೆ ತಕ್ಕಡಿ ಆಮೇಲೆ ಎಲ್ಲಾನೂ ಕಡಿಮೆ ತೋರಿಸುತ್ತೆ. ಆರು ಗಂಟೆಗೆ ಕೆಳಗಡೆ ಬೇಕರಿಯವನು ಏನು ಮಾಡ್ತಿರ್ತಾನೆ?"

ಬನ್ನು ಬೇಯಿಸುತ್ತಿರುತ್ತಾನೆ. ಸೌದೆ ಒಲೆ. ಅದರ ಹೊಗೆಕೊಳವೆ ನಮ್ಮ ಮಹಡಿಯ ಗೋಡೆಗೆ ಅಂಟಿಕೊಂಡೇ ಮೇಲೆ ಹೋಗಿದೆ. ಹುಟ್ಟಿದಾಗಿನಿಂದ ಆ ವಾಸನೆಗೇ ಎದ್ದವಳು ನಾನು. ಬೆಳಗಿನ ಗಾಳಿ ಎಂದರೆ ಹಾಗೇ ಇರುತ್ತದೆ ಎಂದುಕೊಂಡಿದ್ದೆ.

ಶುಕ್ರವಾರ ಬೆಳಿಗ್ಗೆ ನಮ್ಮ ತಂಡದ ಮುಖ್ಯಸ್ಥೆ ಮೇಡಂಗೆ ಎಲ್ಲವನ್ನೂ ಹೇಳಿದೆ.

"ಎಲ್ಲಕ್ಕೂ ಒಂದಿಷ್ಟು ಕೂಡಿಸಿಬಿಟ್ರೆ ಆಗಲ್ವಾ?" ಎಂದ ಗೆಳೆಯ.

"ಒಲೆ ಹೊಗೆ ದಿನಾ ಒಂದೇ ಸಮ ಇರಲ್ಲ," ಎಂದೆ. ಅವರೆದುರೇ ಗೆರೆ ಎಳೆದೆ. ಮೂರು ವಾರದ ಕೆಲಸ. ಗೆರೆ ಸ್ವಲ್ಪ ಸೊಟ್ಟಗಿದೆ.

"ಉಳಿದಿರೋದು ಇವತ್ತೊಂದೇ ದಿನ ಕಣಮ್ಮಾ," ಎಂದರು ಮೇಡಂ.

ರಸ್ತೆಯಿಂದ ದೂರ, ಕೆರೆಯ ಕಡೆಗೆ ಗಾಳಿ ಬೀಸುತ್ತಿದ್ದ ಬಯಲಿನಲ್ಲಿ ಹೊಸದಾಗಿ ಸೊನ್ನೆ ಹಿಡಿಸಿದೆ. ಹೋಲಿಸಿ ನೋಡಲು ಹಳೆಯ ಪೆಟ್ಟಿಗೆಯನ್ನೂ ಪಕ್ಕದಲ್ಲೇ ಕಟ್ಟಿದೆವು. ಹನ್ನೆರಡು, ಹದಿಮೂರು, ಹದಿನಾಲ್ಕು. ಮೂರು ಹಾರಾಟದಲ್ಲೂ ಎರಡೂ ಹೆಚ್ಚುಕಡಿಮೆ ಒಂದೇ ಹೇಳಿದವು. ಗೆಳೆಯ ಪರದೆ ನೋಡಿ, "ಹೋಯ್ತು, ನಮ್ಮಜ್ಜ ಮಾರಿದ್ದೇ ಸರಿ," ಎಂದ.

ಶನಿವಾರ ಮೇಡಂ ಪುಸ್ತಕ ತರಿಸಿಕೊಂಡು, ಗೆರೆಯಿದ್ದ ಪುಟ ತೆರೆದರು. "ನಿನ್ನ ಪೆಟ್ಟಿಗೆ ಜೊತೆ ಈ ಪುಸ್ತಕಾನೂ ಹೋಗ್ಲಿ. ಅಲ್ಲಿ ಬರ್ಕೊಳ್ಳೋರಿಗೆ ಹೇಗೆ ಬರೀಬೇಕು ಅಂತ ಗೊತ್ತಾಗ್ಲಿ."

ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದೆ: 'ಸೊನ್ನೆ ಹಿಡಿಸುವ ಮೊದಲು ತಟ್ಟೆ ಖಾಲಿಯಿದೆಯೇ ನೋಡಿ.'

ಪುಸ್ತಕ ವಾಪಸ್ ಬಂದಾಗ ಅದರಲ್ಲಿ ಬೇರೆ ಕೈಬರಹದ ಆರು ಸಾಲುಗಳಿದ್ದವು. ಸ್ಥಳದ ಕಾಲಮ್ಮಿನಲ್ಲಿ ಜ್ವಾಲಾಮುಖಿಯ ಬಾಯಿ ಎಂದಿತ್ತು. ಒಂದಕ್ಕೂ ಗೆರೆ ಇರಲಿಲ್ಲ. ಅಬ್ಬಾ ಬೆರಳಿಟ್ಟು ಎಣಿಸಿದರು, ಇನ್ನೊಮ್ಮೆ ಎಣಿಸಿದರು. ಮರುದಿನ ಅಂಗಡಿಯಲ್ಲಿ ತಕ್ಕಡಿ ತಂದವರಿಗೆಲ್ಲ ಹೇಳುತ್ತಿದ್ದರಂತೆ:

"ನೀವು ಟೊಮ್ಯಾಟೊ ತೂಗ್ತೀರಾ. ನನ್ನ ಮಗಳು ಬೆಂಕಿ ಬೆಟ್ಟದ ಉಸಿರು ತೂಗ್ತಾಳೆ."